ಲಾಗಿನ್ ಸುಲಭವಾದರೆ ಸಾಲದು, ಆಕ್ಸೆಸ್ ತೆಗೆಯುವುದೂ ಸುಲಭವಾಗಬೇಕು

ಸಿಂಗಲ್ ಸೈನ್-ಆನ್, ಅಂದರೆ ಒಂದೇ ಲಾಗಿನ್‌ನಲ್ಲಿ ಎಲ್ಲ ಸಾಫ್ಟ್‌ವೇರ್ ತೆರೆಯುವ ವ್ಯವಸ್ಥೆ ಬಂದರೆ ಹತ್ತಾರು ಪಾಸ್‌ವರ್ಡ್ ನೆನಪಿಡಬೇಕಿಲ್ಲ ಎನ್ನುತ್ತಾರೆ. ನಿಜ, ಒಳ್ಳೆಯ ಅನುಕೂಲ. ಆದರೆ ಯೂಸರ್ ಆಕ್ಸೆಸ್, ಅಂದರೆ ಯಾರು ಏನನ್ನು ಬಳಸಬಹುದು ಎಂಬುದರ ಹಿಡಿತ, ಒಂದೇ ಕಡೆ ಇರಬೇಕು ಎಂದು ನಾನು ಹಟ ಹಿಡಿಯುವುದು ಅದಕ್ಕಲ್ಲ. ಕೆಲಸ ಬಿಟ್ಟವರ ಆಕ್ಸೆಸ್ ಅದೇ ದಿನ, ಎಲ್ಲ ಸಾಫ್ಟ್‌ವೇರ್‌ನಿಂದಲೂ ಹೋಗಬೇಕು ಅನ್ನುವುದಕ್ಕೆ.

ಹೊಸಬರಿಗೆ ಆಕ್ಸೆಸ್ ಸಿಗದಿದ್ದರೆ ಅವರೇ ಬಂದು ಕೇಳುತ್ತಾರೆ, ಅಲ್ವಾ? ಹೋದವರ ಅಕೌಂಟ್ ಉಳಿದರೆ ಕೇಳುವವರೇ ಇಲ್ಲ. ಮೇಲ್, ಪೇರೋಲ್, ಕೋಡ್, ವಿಪಿಎನ್ (ಹೊರಗಿನಿಂದ ಕಂಪನಿಯ ನೆಟ್‌ವರ್ಕಿಗೆ ಸೇರುವ ದಾರಿ) ಒಂದೊಂದಕ್ಕೂ ಬೇರೆ ಬೇರೆ ಅಡ್ಮಿನ್ ಇದ್ದರೆ ಯಾರಾದರೊಬ್ಬರು ಮರೆತೇ ಮರೆಯುತ್ತಾರೆ.

2021ರ ಮೇ ತಿಂಗಳಲ್ಲಿ ಅಮೆರಿಕದ ಕಲೋನಿಯಲ್ ಪೈಪ್‌ಲೈನ್ ಕಂಪನಿಯ ಇಂಧನ ಸಾಗಣೆ ದಿನಗಟ್ಟಲೆ ನಿಂತಿತ್ತು. ಹ್ಯಾಕರ್‌ಗಳು ಒಳಗೆ ಬಂದದ್ದು ಯಾರೂ ಬಳಸದ ಒಂದು ಹಳೇ ವಿಪಿಎನ್ ಅಕೌಂಟಿನಿಂದ. ಅದಕ್ಕೆ ಪಾಸ್‌ವರ್ಡ್ ಬಿಟ್ಟರೆ ಓಟಿಪಿಯಂಥ ಎರಡನೇ ಕಾವಲು ಇರಲಿಲ್ಲ. ಕಂಪನಿ ಹ್ಯಾಕರ್‌ಗಳಿಗೆ 75 ಬಿಟ್‌ಕಾಯಿನ್ ಒತ್ತೆಹಣ ತೆತ್ತಿತು. ಒಂದು ಅಕೌಂಟ್ ಮುಚ್ಚದೆ ಬಿಟ್ಟದ್ದಕ್ಕೆ!

ಸಿಂಗಲ್ ಸೈನ್-ಆನ್ ಹಾಕಿದ ಮಾತ್ರಕ್ಕೆ ಈ ತೊಂದರೆ ತಪ್ಪುವುದಿಲ್ಲ. ಅದಕ್ಕೆ ಬಳಸುವ ಸ್ಟ್ಯಾಂಡರ್ಡ್ ಸ್ಯಾಮಲ್ ಆಗಲಿ, ಓಪನ್‌ಐಡಿ ಕನೆಕ್ಟ್ ಆಗಲಿ, ಮುಖ್ಯವಾಗಿ ನೋಡಿಕೊಳ್ಳುವುದು ಲಾಗಿನ್ ಆಗುವ ಹೊತ್ತನ್ನು. ಮೊದಲೇ ತೆರೆದಿದ್ದ ಸೆಷನ್, ಎಪಿಐ ಟೋಕನ್ (ಒಂದು ಪ್ರೋಗ್ರಾಂ ಇನ್ನೊಂದರೊಳಗೆ ಹೋಗಲು ಬಳಸುವ ಗುಟ್ಟಿನ ಕೀಲಿ), ಆ ಸಾಫ್ಟ್‌ವೇರ್‌ನ ಸ್ವಂತ ಪಾಸ್‌ವರ್ಡ್ ಹಾಗೇ ಉಳಿಯಬಹುದು. ಅಕೌಂಟ್ ತೆರೆಯುವುದು, ಮುಚ್ಚುವುದು ತಾನಾಗಿಯೇ ಆಗಲೆಂದೇ ಸ್ಕಿಮ್ ಎಂಬ ಸ್ಟ್ಯಾಂಡರ್ಡ್ ಇದೆ. ಅದರ 2.0 ಆವೃತ್ತಿ 2015ರಲ್ಲೇ ಬಂದಿದೆ. ಆದರೂ ಎಷ್ಟೋ ಸಾಫ್ಟ್‌ವೇರ್‌ಗಳಲ್ಲಿ ಇದು ಸಿಗುವುದು ದುಬಾರಿ ಪ್ಲಾನಿನಲ್ಲಿ ಮಾತ್ರ. ಇದು ನನಗೆ ನಿಜಕ್ಕೂ ಸಿಟ್ಟು ತರಿಸುತ್ತದೆ. ಸಣ್ಣ ಕಂಪನಿಗೆ ಸುರಕ್ಷತೆ ಬೇಡವೇ?

ಡಿಪಾರ್ಟ್‌ಮೆಂಟ್ ಬದಲಾದವರ ಕತೆ ಇನ್ನೂ ಕಷ್ಟ. ಹೊಸ ಪರ್ಮಿಷನ್ ಸೇರುತ್ತದೆ, ಹಳೆಯದು ಹೋಗುವುದಿಲ್ಲ. "ಅವರಿಗೆ ಇರೋದನ್ನೇ ಇವರಿಗೂ ಕೊಟ್ಬಿಡಿ" ಅನ್ನುವ ಟಿಕೆಟ್ ಬಂದರೆ ಸುಮ್ನೆ ಒಪ್ಪಬೇಡಿ. ಹೆಸರು ನೋಡಿ ಕೊಡಬಾರದು, ಮಾಡುವ ಕೆಲಸ ನೋಡಿ ಕೊಡಬೇಕು.

ಎಲ್ಲ ಒಂದೇ ಕಡೆ ಇಟ್ಟರೆ ಅದೊಂದು ಕೈತಪ್ಪಿದಾಗ ಎಲ್ಲವೂ ಹೋಗುತ್ತದಲ್ಲ ಎಂದು ಕೆಲವರು ಕೇಳುತ್ತಾರೆ. ಸರಿಯಾದ ಪ್ರಶ್ನೆ. ಅದಕ್ಕೇ ಅಲ್ಲಿನ ಅಡ್ಮಿನ್‌ಗಳಿಗೆ ಹಾರ್ಡ್‌ವೇರ್ ಕೀ (ಲಾಗಿನ್ ಆಗಲು ಕೈಯಲ್ಲಿರಬೇಕಾದ ಸಣ್ಣ ಸಾಧನ) ಕಡ್ಡಾಯವಾಗಬೇಕು. ಆ ಸಿಸ್ಟಮ್ಮೇ ಕೆಟ್ಟು ನಿಂತರೆ ಒಳಗೆ ಹೋಗಲು ಒಂದು ತುರ್ತು ಅಕೌಂಟ್ ಬೇರೆಯಾಗಿರಬೇಕು. ಅದನ್ನು ಯಾರಾದರೂ ಬಳಸಿದರೆ ತಕ್ಷಣ ಅಲರ್ಟ್ ಬರಬೇಕು. ಚದುರಿದ ಇಪ್ಪತ್ತು ಕಡೆ ಕಾಯುವುದಕ್ಕಿಂತ ಒಂದು ಕಡೆ ಗಟ್ಟಿಯಾಗಿ ಕಾಯುವುದು ಜಾಸ್ತಿ ಸಾಧ್ಯ.

ಮುಂದಿನ ಸಲ ಸಾಫ್ಟ್‌ವೇರ್ ಕೊಳ್ಳುವಾಗ ಮಾರುವವರನ್ನು ಕೇಳಿ: ನಾವು ಇಲ್ಲಿ ಒಬ್ಬರನ್ನು ಡಿಸೇಬಲ್ ಮಾಡಿದರೆ, ನಿಮ್ಮಲ್ಲಿ ಅವರ ಸೆಷನ್ ಎಷ್ಟು ನಿಮಿಷದಲ್ಲಿ ಮುಗಿಯುತ್ತದೆ? ಉತ್ತರವನ್ನು ಬರವಣಿಗೆಯಲ್ಲೇ ತೆಗೆದುಕೊಳ್ಳಿ.