ಅಳತೆಯ ದಿನ ಅಲುಗದ ಡಂಪರ್

ಡಂಪರ್ ಸೀಟಿನಿಂದ ಆಪರೇಟರ್ ಮೈಗೆ ತಟ್ಟುವ ಕಂಪನ ಅಳೆಯುವವರು ನಾಳೆ ಬರುತ್ತಾರೆಂದರೆ ಗಣಿ ರಸ್ತೆಗೆ ಇವತ್ತೇ ಮದುವೆಮನೆ ಕಳೆ. ಗ್ರೇಡರ್ ಎರಡು ಸಲ ಓಡಿ ಗುಂಡಿ ಮುಚ್ಚುತ್ತದೆ, ಟ್ಯಾಂಕರ್ ನೀರು ಹೊಡೆಯುತ್ತದೆ. ಹಳೇ ಡಂಪರುಗಳೆಲ್ಲ ದಿಢೀರನೆ ವರ್ಕ್‌ಶಾಪ್ ಸೇರುತ್ತವೆ. ಮುಂದೆ ತಂದು ನಿಲ್ಲಿಸುವುದು ಹೊಸದನ್ನು. ಓಡಿಸಲು ಎರಡನೇ ಗೇರ್ ದಾಟದ ಸಾತ್ವಿಕ ಆಪರೇಟರ್.

ಉಪಕರಣದ್ದೇನೂ ತಪ್ಪಿಲ್ಲ, ಪಾಪ. 12 ಮಿ.ಮೀ. ದಪ್ಪ ಮೀರದ ರಬ್ಬರ್ ಪ್ಯಾಡು, ಒಳಗೆ ಮೂರು ದಿಕ್ಕಿನ ಅಲುಗಾಟ ಹಿಡಿಯುವ ಸೆನ್ಸರ್. ಸೀಟಿಗೆ ಟೇಪು ಹಚ್ಚಿ, ಮೇಲೆ ಆಪರೇಟರನ್ನು ಕೂರಿಸಬೇಕು. ಮೈ ಕಂಪನದ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 2631-1ರ ಪ್ರಕಾರ ಹಿಂದೆ-ಮುಂದೆ, ಎಡ-ಬಲದ ಅಂಕಿಗಳನ್ನು 1.4ರಿಂದ ಗುಣಿಸಬೇಕು. ಈ 1.4 ಆಗಾಗ ಮೇಜಿನ ಕೆಳಗೆ ಬಿದ್ದು ಕಳೆದುಹೋಗುತ್ತದೆ, ಅದರಲ್ಲೂ ಹಿಂದೆ-ಮುಂದೆ ಜಗ್ಗುವ ಡೋಜರಿನ ವರದಿಯಲ್ಲಿ.

ನಿಜವಾದ ಕೈಚಳಕ ಚಹಾದ್ದು. ಹತ್ತು ನಿಮಿಷ ಓಡಿದಾಗ ಕಂಪನ ಸೆಕೆಂಡ್ ವರ್ಗಕ್ಕೆ 1 ಮೀಟರ್ ಬಂತು ಎನ್ನಿ. ಆಮೇಲೆ ಎಂಜಿನ್ ಬಂದ್, ಐವತ್ತು ನಿಮಿಷ ಚಹಾ, ಬೀಡಿ, ಮಾತು. ಮೀಟರ್ ಮಾತ್ರ ಚಾಲೂ. ಕಂಪನದ ಸರಾಸರಿ ತೆಗೆಯುವುದು ಅಂಕಿಗಳ ವರ್ಗ ಮಾಡಿ, ಹಾಗಾಗಿ ಗಂಟೆಯ ಸರಾಸರಿ 1/6ರ ವರ್ಗಮೂಲ, ಅಂದರೆ 0.41. ಇಷ್ಟಕ್ಕೆ ತೃಪ್ತಿಯಿಲ್ಲ. 'ಎಂಟು ತಾಸಿನ ಪಾಳಿಯಲ್ಲಿ ಓಟ ಆರೇ ತಾಸು' ಎಂದು 6/8ರ ವರ್ಗಮೂಲದಿಂದ ಮತ್ತೆ ಗುಣಿಸಿದರೆ 0.35! ಕುಡಿದದ್ದು ಒಂದೇ ಚಹಾ, ಕಳೆದದ್ದು ಎರಡು ಸಲ. ಓಡಿದ ಹೊತ್ತನ್ನಷ್ಟೇ ಹಿಡಿದಿದ್ದರೆ ಅದೇ ಆರು ತಾಸಿಗೆ 0.87 ಬರುತ್ತಿತ್ತು. ಐರೋಪ್ಯ ಒಕ್ಕೂಟದ 2002ರ ನಿರ್ದೇಶನದಲ್ಲಿ ಈ ಎಂಟು ತಾಸಿನ ಅಂಕಿ 0.5 ದಾಟಿದರೆ ಕ್ರಮ ಕೈಗೊಳ್ಳಬೇಕು, 1.15 ದಾಟಲೇಬಾರದು.

ಇನ್ನು ಅಳೆದದ್ದು ಲೋಡ್ ತುಂಬಿ ಭಾರಕ್ಕೆ ತಣ್ಣಗೆ ಸಾಗುವಾಗ. ಖಾಲಿಯಾಗಿ ಕುಣಿಯುತ್ತ ಮರಳುವ ಟ್ರಿಪ್ಪಿಗೆ ಸಾಹೇಬರು ಊಟಕ್ಕೆ ಹೊರಟಿರುತ್ತಾರೆ. ಶೊವೆಲ್ ಬಂಡೆಯನ್ನು ಧೊಪ್ಪನೆ ಹಾಕಿದಾಗಿನ ಹೊಡೆತ ಸರಾಸರಿಯಲ್ಲಿ ಕರಗಿಹೋಗುತ್ತದೆ. ಅದಕ್ಕೆಂದೇ ದೊಡ್ಡ ಹೊಡೆತಕ್ಕೆ ಹೆಚ್ಚು ತೂಕ ಕೊಡುವ, ನಾಲ್ಕನೇ ಘಾತದ ವಿಡಿವಿ (ವೈಬ್ರೇಷನ್ ಡೋಸ್ ವ್ಯಾಲ್ಯೂ) ಲೆಕ್ಕ ಮೀಟರಿನಲ್ಲೇ ಇದೆ, ತೆರೆದು ನೋಡುವವರಿಲ್ಲ.

ಮರುದಿನ ಗ್ರೇಡರ್ ಶೆಡ್ಡಿಗೆ. ಸೀಟಿನ ತೂಕದ ತಿರುಗಣಿ 60 ಕೆ.ಜಿ.ಗೇ ತುಕ್ಕು ಹಿಡಿದು ನಿಂತ ಹಳೇ ಡಂಪರಿಗೆ 90 ಕೆ.ಜಿ.ಯವರು ಹತ್ತುತ್ತಾರೆ. ಪ್ರತಿ ಗುಂಡಿಗೂ ಸಸ್ಪೆನ್ಷನ್ ತಳ ಬಡಿಯುತ್ತದೆ. ಸೊಂಟನೋವಿನ ರಜೆ ಅರ್ಜಿಯ ಮೇಲೆ ಕಚೇರಿಯ ಷರಾ: 'ಕಂಪನ 0.35, ಸುರಕ್ಷಿತ. ನೋವು ಮನೆಗೆ ಬೈಕಿನಲ್ಲಿ ಹೋಗುವುದರಿಂದ.'