ಜ್ವರ ಬರುವುದು ಸಂಜೆ, ಓಪಿಡಿ ಇರುವುದು ಬೆಳಿಗ್ಗೆ

ಮಳೆಗಾಲದಲ್ಲಿ ಮಂಗಳೂರು, ಉಡುಪಿ ಕಡೆ ಜ್ವರ ಬಂದರೆ ಮೊದಲು ಮಲೇರಿಯಾ, ಡೆಂಗಿ, ಇಲಿಜ್ವರ ನೋಡಲೇಬೇಕು. ಅದರಲ್ಲಿ ಎರಡು ಮಾತಿಲ್ಲ. ಹೊಟ್ಟೆ ಉರಿಯುವುದು ಅವೆಲ್ಲ ನೆಗೆಟಿವ್ ಬಂದ ಮೇಲೆ ನಡೆಯುವುದನ್ನು ಕಂಡಾಗ. ಟೈಫಾಯ್ಡ್ ಹುಡುಕುವ ವೈಡಾಲ್ ರಕ್ತ ಪರೀಕ್ಷೆಯಲ್ಲಿ 1:80ರಷ್ಟು ಕಡಿಮೆ ಮಟ್ಟ ಬಂದರೂ ಸಾಕು, ಟೈಫಾಯ್ಡ್ ಅಂತ ಬರೆದಾಯಿತು! ನಮ್ಮಂಥ ಊರಿನಲ್ಲಿ ಒಂದೇ ಒಂದು ವೈಡಾಲ್ ನಂಬಿ ಟೈಫಾಯ್ಡ್ ಅನ್ನುವ ಹಾಗಿಲ್ಲ; ಆಂಟಿಬಯೋಟಿಕ್ ಶುರು ಮಾಡುವ ಮೊದಲು ಬ್ಲಡ್ ಕಲ್ಚರ್‌ಗೆ, ಅಂದರೆ ರೋಗಾಣು ಬೆಳೆಸಿ ನೋಡುವ ಪರೀಕ್ಷೆಗೆ, ರಕ್ತ ತೆಗೆಯಬೇಕು ಅಂತ ಗೊತ್ತಿಲ್ಲದವರು ಯಾರು? ಆದರೂ ಒಂದು ವಾರ ಸೆಫ್ಟ್ರಿಯಾಕ್ಸೋನ್, ಇಳಿಯದಿದ್ದರೆ ಡಾಕ್ಸಿಸೈಕ್ಲಿನ್, ಅದಕ್ಕೂ ಬಗ್ಗದಿದ್ದರೆ ಇನ್ನೂ ದುಬಾರಿಯದ್ದು. ಮೂರನೇ ವಾರಕ್ಕೆ ಮನೆಯವರು ಜೋಯಿಸರಲ್ಲಿ ಪ್ರಶ್ನೆ ಇಡಿಸಲು ಹೊರಡುತ್ತಾರೆ. ಅವರನ್ನು ದೂರುವುದು ಹೇಗೆ, ಉತ್ತರ ಕೊಡಬೇಕಾದವರೇ ಕೊಡದಿದ್ದಾಗ?

ಇಂಥ ಇಳಿಯದ ಜ್ವರದ ಹಿಂದೆ ಇರಬಹುದಾದ ಅಡಲ್ಟ್ ಆನ್‌ಸೆಟ್ ಸ್ಟಿಲ್ಸ್ ಡಿಸೀಸ್ ಅಂತ ಒಂದು ಕಾಯಿಲೆ ಉಂಟು. ಅಪರೂಪದ್ದು, ಒಪ್ಪುವ. ಆದರೆ ಹೊಸದಲ್ಲ. 1971ರಲ್ಲೇ ಬ್ರಿಟನ್ನಿನ ವಾತರೋಗ ತಜ್ಞ ಎರಿಕ್ ಬೈವಾಟರ್ಸ್, ಮಕ್ಕಳ ಕಾಯಿಲೆ ಅಂತಿದ್ದ ಇದು ದೊಡ್ಡವರಿಗೂ ಬರುತ್ತದೆ ಅಂತ ಬರೆದಿದ್ದಾರೆ. 1992ರಿಂದ ಇದನ್ನು ಗುರುತಿಸಲು ಯಾಮಾಗುಚಿ ಮಾನದಂಡ ಅನ್ನುವ ಲಕ್ಷಣಗಳ ಪಟ್ಟಿ ಇದೆ. ಸೋಂಕೇ ಇಲ್ಲದೆ ದೇಹದ ರಕ್ಷಣಾ ವ್ಯವಸ್ಥೆ ತಾನಾಗಿ ಕೆರಳಿ ಉರಿ ಎಬ್ಬಿಸುವ ಕಾಯಿಲೆ ಇದು. ಎಷ್ಟು ಬಾಟಲಿ ಆಂಟಿಬಯೋಟಿಕ್ ಏರಿಸಿದರೂ ಇದಕ್ಕೆ ತಾಗುವುದಿಲ್ಲ.

ಇದರ ಜ್ವರ ಗಡಿಯಾರ ನೋಡಿ ಬಂದ ಹಾಗೆ ಬರುತ್ತದೆ. ಹೆಚ್ಚಾಗಿ ದಿನಕ್ಕೊಮ್ಮೆ, ಸಂಜೆ ಹೊತ್ತಿಗೆ, 39 ಡಿಗ್ರಿ ಅಂದರೆ 102 ದಾಟಿ. ಬೆಳಗಾಗುವಾಗ ಮೈ ತಣ್ಣಗೆ. ಹತ್ತು ಗಂಟೆಗೆ ಓಪಿಡಿಯಲ್ಲಿ ಕೈ ಮುಟ್ಟಿ ನೋಡಿ "ಈಗ ಜ್ವರ ಇಲ್ಲ ಅಲ್ವಾ, ವೈರಲ್, ಟೆನ್ಶನ್ ಮಾಡ್ಬೇಡಿ" ಅಂದರೆ ಏನು ಕಂಡ ಹಾಗಾಯಿತು? ವಾರ್ಡಿನಲ್ಲೂ ಅಷ್ಟೇ. ಸಂಜೆ ಜ್ವರ ಏರುವ ಮೊದಲೇ ಪ್ಯಾರಾಸಿಟಮಾಲ್ ಕೊಟ್ಟು ಚಾರ್ಟಿನಲ್ಲಿ 99 ಬರೆದರೆ ಆ ಚಾರ್ಟ್ ಯಾಕೆ?

ದದ್ದಿನ ಕತೆ ಇನ್ನೂ ಸಂಕಟದ್ದು. ಜ್ವರ ಏರಿದಾಗ ಹೊಟ್ಟೆ, ಬೆನ್ನು, ತೋಳು, ತೊಡೆಯ ಮೇಲೆ ತಿಳಿ ಗುಲಾಬಿ ಕಲೆ ಏಳುತ್ತವೆ. ಜ್ವರ ಇಳಿದಾಗ ಅಳಿಸಿದ ಹಾಗೆ ಮಾಯ. ತುರಿಕೆ ಅಷ್ಟಾಗಿ ಇರುವುದಿಲ್ಲ. ನಮ್ಮ ಕಂದು ಮೈಬಣ್ಣದಲ್ಲಿ ಟ್ಯೂಬ್‌ಲೈಟ್ ಬೆಳಕಿಗೆ ಕಾಣುವುದೇ ಕಷ್ಟ. ಉಗುರಿನಿಂದ ಗೀರಿದಲ್ಲಿ, ಲುಂಗಿಯೋ ಲಂಗದ ಲಾಡಿಯೋ ಬಿಗಿದ ಸೊಂಟದಲ್ಲಿ ಗೆರೆಯ ಹಾಗೆ ಎದ್ದಿರಬಹುದು, ಅಲ್ಲಿ ನೋಡಿ. ಮೊಬೈಲಿನಲ್ಲಿ ಫೋಟೋ ತೆಗೆದು ಸಮಯ ಬರೆದಿಡಿ. ಮಾತ್ರೆ ನುಂಗುವ ಮೊದಲು ಥರ್ಮಾಮೀಟರ್ ಇಡಿ, ಮಾತ್ರೆಯ ಹೊತ್ತನ್ನೂ ಬರೆಯಿರಿ. ಹಾಗೆ ಬರೆದುಕೊಂಡು ಹೋದ ಪುಸ್ತಕವನ್ನು ತೆರೆದೂ ನೋಡದೆ ಮೇಜಿನ ಆ ಕಡೆ ಸರಿಸುವ ಡಾಕ್ಟರರ ಮೇಲೆ ಸಿಟ್ಟು ಬಾರದೆ ಇರುತ್ತದಾ?

ಇನ್ನು ರಕ್ತ. ಬಿಳಿ ರಕ್ತಕಣ 10,000 ದಾಟಿ ಅದರಲ್ಲಿ 80 ಶೇಕಡಾಕ್ಕಿಂತ ಹೆಚ್ಚು ಗ್ರಾನ್ಯುಲೋಸೈಟ್ ಅನ್ನುವ ಬಗೆಯವು, ಎಷ್ಟೋ ಸಲ 20,000ದ ಆಸುಪಾಸು. ಕೂಡಲೇ "ಇನ್‌ಫೆಕ್ಷನ್" ಅನ್ನುತ್ತಾರೆ. ಪ್ಲೇಟ್‌ಲೆಟ್ ಕಡೆ ಒಂದು ಕಣ್ಣು ಹಾಕಿ ಮಾರಾಯ್ರೆ! ಡೆಂಗಿ, ಮಲೇರಿಯಾ, ಇಲಿಜ್ವರದಲ್ಲಿ ಅದು ಸಾಮಾನ್ಯವಾಗಿ ಇಳಿಯುತ್ತದೆ. ಇಲ್ಲಿ ಹೆಚ್ಚಾಗಿ ಏರಿರುತ್ತದೆ. ಗಂಟಲು ನೋವು, ಎರಡು ವಾರ ದಾಟಿದ ಗಂಟು ನೋವು, ಊದಿದ ಗಡ್ಡೆ (ಲಿಂಫ್ ನೋಡ್) ಅಥವಾ ಗುಲ್ಮ (ಸ್ಪ್ಲೀನ್), ಏರುಪೇರಾದ ಲಿವರ್ ಟೆಸ್ಟ್, ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ವಾತರೋಗ ಹುಡುಕುವ ರಕ್ತ ಪರೀಕ್ಷೆ ಆರ್‌ಎ ಫ್ಯಾಕ್ಟರ್, ಎಎನ್‌ಎ ಎರಡೂ ನೆಗೆಟಿವ್ ಅಂದ ಕೂಡಲೇ "ವಾತ ಅಲ್ಲ" ಅಂತ ಫೈಲು ಮುಚ್ಚುತ್ತಾರೆ. ಅವು ನೆಗೆಟಿವ್ ಇರುವುದೇ ಯಾಮಾಗುಚಿಯಲ್ಲಿ ಒಂದು ಅಂಶ! ಒಟ್ಟು ಐದು ಅಂಶ ಬೇಕು, ಅದರಲ್ಲಿ ಎರಡಾದರೂ ಮುಖ್ಯದವು: ವಾರ ದಾಟಿದ ಜ್ವರ, ಗಂಟು ನೋವು, ದದ್ದು, ಬಿಳಿ ಕಣ.

ಫೆರಿಟಿನ್, ಅಂದರೆ ಕಬ್ಬಿಣ ಕೂಡಿಡುವ ಪ್ರೋಟೀನಿನ ರಕ್ತ ಪರೀಕ್ಷೆ, ಮಾಡಿಸಿ. ಮಾಮೂಲು ಮಿತಿಯ ಐದು ಪಟ್ಟು ದಾಟಿದರೆ ಅನುಮಾನ ಬಲವಾಗುತ್ತದೆ, ಸಾವಿರಗಟ್ಟಲೆ ಬರುವುದೂ ಉಂಟು. ಅಷ್ಟಕ್ಕೇ ತೀರ್ಮಾನವೂ ಬೇಡ. ಡೆಂಗಿಯಲ್ಲೂ ಲಿವರ್ ಕಾಯಿಲೆಯಲ್ಲೂ ಅದು ಏರುತ್ತದೆ. ಸೋಂಕು, ಕ್ಷಯ, ಲಿಂಫೋಮಾ ಅನ್ನುವ ಕ್ಯಾನ್ಸರ್, ಬೇರೆ ವಾತರೋಗ ಇವೆಲ್ಲ ಅಲ್ಲ ಅಂತ ಆದ ಮೇಲೆಯೇ ಸ್ಟಿಲ್ಸ್ ಅನ್ನಬೇಕು.

ಹಾಗಿರುವಾಗ ರೋಗ ಗೊತ್ತಾಗುವ ಮೊದಲೇ ಡೆಕ್ಸಾ ಅನ್ನುವ ಸ್ಟೀರಾಯ್ಡ್ ಇಂಜೆಕ್ಷನ್ ಚುಚ್ಚುವವರಿಗೆ ಏನು ಹೇಳುವುದು? ಎರಡು ದಿನ ಜ್ವರ ಬಿಡುತ್ತದೆ, ಕೈಗುಣದ ಡಾಕ್ಟ್ರು ಅಂತ ಹೆಸರೂ ಬರುತ್ತದೆ. ಆಮೇಲೆ ಗಡ್ಡೆಯ ಬಯಾಪ್ಸಿ, ಬೋನ್ ಮ್ಯಾರೋ ಮಾಡಿದರೆ ಲಿಂಫೋಮಾ ಇದ್ದರೂ ಸರಿಯಾಗಿ ಕಾಣದೆ ಹೋಗಬಹುದು. ಒಳಗೆ ಕ್ಷಯ ಇದ್ದರೆ ಅದು ಬೆಳೆಯುತ್ತದೆ. ಪ್ರಾಣದ ಅಪಾಯ ಇಲ್ಲದಿದ್ದರೆ ಸ್ಟೀರಾಯ್ಡ್‌ಗೆ ನಾಲ್ಕು ದಿನ ತಡೆಯಿರಿ, ಪರೀಕ್ಷೆ ಮುಗಿಯಲಿ. ಕೊಟ್ಟದ್ದೇ ಆದರೆ ಚೀಟಿಯಲ್ಲಿ ಹೆಸರು, ಡೋಸ್, ತಾರೀಕು ಬರೆಯಿರಿ. ಬರೀ "ಇಂಜೆಕ್ಷನ್" ಅಂತ ಬರೆದು ಕಳಿಸಿದರೆ ಮುಂದೆ ನೋಡುವ ರುಮಟಾಲಜಿಸ್ಟ್, ಅಂದರೆ ವಾತರೋಗದ ಡಾಕ್ಟರ್, ಏನಂತ ತಿಳಿಯಬೇಕು?

ತಡೆಯಬಾರದ ಹೊತ್ತೂ ಒಂದುಂಟು. ಏರಿದ್ದ ಬಿಳಿ ಕಣ, ಪ್ಲೇಟ್‌ಲೆಟ್ ಒಮ್ಮೆಲೇ ಬಿದ್ದು, ಫೆರಿಟಿನ್ 10,000 ದಾಟಿ, ರಕ್ತದ ಕೊಬ್ಬು ಟ್ರೈಗ್ಲಿಸರೈಡ್ ಏರಿ, ರಕ್ತ ಹೆಪ್ಪುಗಟ್ಟಿಸುವ ಫೈಬ್ರಿನೋಜನ್ ಇಳಿದರೆ ಅದು ಮ್ಯಾಕ್ರೋಫೇಜ್ ಆಕ್ಟಿವೇಶನ್ ಸಿಂಡ್ರೋಮ್, ಅಂದರೆ ರಕ್ಷಣಾ ವ್ಯವಸ್ಥೆಯ ಕೆರಳಿಕೆ ಕೈಮೀರಿದ ಸ್ಥಿತಿ, ಇರಬಹುದು. ಜೀವ ತೆಗೆಯುವಂಥದ್ದು. ಆಗ ಒಳಗಿನ ಉರಿ ತೋರಿಸುವ ರಕ್ತ ಪರೀಕ್ಷೆ ಇಎಸ್‌ಆರ್ ಕೂಡ ಇಳಿಯುತ್ತದೆ, ಫೈಬ್ರಿನೋಜನ್ ಕರಗುವ ಕಾರಣಕ್ಕೆ. ಆ ಇಳಿದ ಇಎಸ್‌ಆರ್ ತೋರಿಸಿ "ಕೌಂಟ್ ನಾರ್ಮಲ್‌ಗೆ ಬಂತು, ಇಎಸ್‌ಆರ್ ಕಮ್ಮಿ ಆಯ್ತು, ಮನೆಗೆ ಹೋಗಿ" ಅಂತ ಡಿಸ್ಚಾರ್ಜ್ ಬರೆಯುತ್ತಾರಲ್ಲ, ಆ ಸಹಿ ಹಾಕುವ ಮೊದಲು ಹಿಂದಿನ ವಾರದ ರಿಪೋರ್ಟನ್ನು ಪಕ್ಕದಲ್ಲಿಟ್ಟು ನೋಡಲು ಎರಡು ನಿಮಿಷ ಸಾಕು.