ಆಯಿಯ ಹಣೆಯ ಕರಿ ಕುಂಕುಮ

ಹೋದ ತಿಂಗಳು ನಮ್ಮ ಕಾಕಾನ ಮಗಳ ಎಂಗೇಜ್‌ಮೆಂಟ್ ಆಯ್ತು. ಅದಕ್ಕೂ ಮೊದಲು ಒಂದು ರೆಟ್ರೊ ಶೂಟ್ ಆಗಲೇಬೇಕು ಅಂತ ಅವಳ ಹಟ. ನಮ್ಮ ಕಲಬುರಗಿಯಲ್ಲೂ ಈಗ ಇದರ ಹುಚ್ಚು ಶುರುವಾಗಿದೆ. ಗ್ರಾಮಫೋನು, ತಿರುಗಿಸೋ ಫೋನು, ಬೆತ್ತದ ಕುರ್ಚಿ, ಚುಕ್ಕಿ ಚುಕ್ಕಿ ಸೀರೆ, ಕಣ್ಣಿನ ತುದಿಗೆ ಮೇಲಕ್ಕೆ ಎಳೆದ ಐಲೈನರ್, ತಲೆ ಮೇಲೆ ಕೂದಲಿನ ಗುಡ್ಡ. ಮೇಕಪ್ ಹುಡುಗಿ ಎರಡೂವರೆ ತಾಸು ಕೂಡಿಸಿದಳು. ರಾತ್ರಿ ಆ ಗುಡ್ಡ ಬಿಚ್ಚಿದ್ದು ನಾನೇ, 39 ಪಿನ್ ಸಿಕ್ಕವು.

ಫೋಟೋ ಬಂದವು. ಕಪ್ಪು ಬಿಳುಪು. ನೋಡಿದರೆ ಹುಡುಗಿಯ ಹಣೆ ಬೋಳು! ಅಷ್ಟು ಕೆಂಪಗೆ ಇಟ್ಟ ಕುಂಕುಮ ಹಣೆಯ ಬಣ್ಣದಲ್ಲೇ ಕರಗಿ ಹೋಗಿತ್ತು. ಕಡುಗೆಂಪು ಲಿಪ್‌ಸ್ಟಿಕ್ ಹಚ್ಚಿದ ತುಟಿ ಜ್ವರ ಬಿಟ್ಟು ಎದ್ದವರ ತುಟಿ ಹಾಗೆ ಕಾಣುತ್ತಿತ್ತು. ಕಾಕು ಫೋನ್ ಕೈಗೆ ತಗೊಂಡು ಒಂದೇ ಮಾತು ಅಂದರು, "ಶುಭಕಾರ್ಯದಾಗ ಹಣಿ ಮ್ಯಾಲ ಏನೂ ಇಲ್ದಂಗ, ಇದೆಂಥಾ ಫೋಟೋ ಯವ್ವಾ?" ಸ್ಟುಡಿಯೋದವರನ್ನು ಕೇಳಿದರೆ, "ಮೇಡಂ, ವಿಂಟೇಜ್ ಅಂದ್ರ ಹಂಗೇ ಇರ್ತದ್ರಿ" ಅಂದುಬಿಟ್ಟರು.

ಹಂಗೇನೂ ಇರಲ್ಲ. ನಮ್ಮ ಪಡಸಾಲೆಯಲ್ಲೇ ಆಯಿಯ, ಅಂದರೆ ನಮ್ಮ ಅಜ್ಜಿಯ, ಫೋಟೋ ಇದೆ, ಮದುವೆಯಾದ ಹೊಸದರಲ್ಲಿ ತೆಗೆಸಿದ್ದು. ಅಂಚಿನಲ್ಲಿ ಬೆಳ್ಳಿ ಥರ ಹೊಳಪು ಬಂದಿದೆ, ಹಿಂದೆ ಮಸುಕು ಅಕ್ಷರದಲ್ಲಿ ‘ಗುಲ್ಬರ್ಗಾ’ ಅಂತ ಸ್ಟುಡಿಯೋ ಠಸ್ಸೆ. ಇಳಕಲ್ ಸೀರೆ, ತಲೆ ಮೇಲೆ ಸೆರಗು, ಕೊರಳಲ್ಲಿ ಬೋರಮಾಳ, ಕಿವಿಯ ಮೇಲೆ ಬುಗುಡಿ. ಒಂದು ಕೈ ಸ್ಟೂಲಿನ ಮೇಲೆ, ಅಲ್ಲೊಂದು ಕಾಗದದ ಹೂವಿನ ಕುಂಡ. ಹಣೆಯ ಮೇಲೆ ನಾಲ್ಕಾಣೆ ಅಗಲದ ಕುಂಕುಮ, ಅದೂ ಕಾಡಿಗೆಗಿಂತ ಕಪ್ಪು. ಸೆರಗಿನ ಕೆಂಪೂ ಕಪ್ಪು. ಮುಖ ಬೆಳ್ಳಗೆ, ಕುತ್ತಿಗೆ ಮಾತ್ರ ಬೇರೆಯವರದು ಅನ್ನೋ ಹಾಗೆ ಕಪ್ಪಗೆ. ಚಿಕ್ಕವಳಿದ್ದಾಗ ಕೇಳಿದ್ದೆ, "ಆಯಿ, ನೀ ಕರಿ ಕುಂಕುಮ ಹಚ್ಕೋತಿದ್ದಿ?" "ಹುಚ್ಚಿ, ಮೇಣ ಹಚ್ಚಿ ಅದರ ಮ್ಯಾಲ ಕೆಂಪಂದ್ರ ಕೆಂಪು ಕುಂಕುಮ ಇಟ್ಟಿದ್ದೆ. ಫೋಟೋದಾಗ ಯಾಕ ಹಂಗಾತೋ ಯಾರಿಗೊತ್ತು" ಅಂದಿದ್ದಳು.

ಉತ್ತರ ಸಿಕ್ಕಿದ್ದು ಈಗ, ಹಿಂದೆ ಸೂಪರ್ ಮಾರ್ಕೆಟ್ ಕಡೆ ಡಾರ್ಕ್‌ರೂಮಿನಲ್ಲಿ ಕೆಲಸ ಮಾಡಿದ್ದ ನಮ್ಮ ಓಣಿಯ ಒಬ್ಬ ಮಾಮಾನಿಂದ. ಹಳೇ ಆರ್ಥೊಕ್ರೊಮ್ಯಾಟಿಕ್ ಫಿಲ್ಮಿಗೆ ನೀಲಿ, ಹಸಿರು ಕಾಣುತ್ತಿತ್ತು, ಕೆಂಪು ಕಾಣುತ್ತಿರಲಿಲ್ಲ. ಅದಕ್ಕೇ ಅದನ್ನು ಕೆಂಪು ಬಲ್ಬಿನ ಕೆಳಗೆ ಆರಾಮಾಗಿ ತೊಳೆಯಬಹುದಿತ್ತು. ಫಿಲ್ಮಿಗೆ ಕಾಣದ್ದು ಪ್ರಿಂಟಿನಲ್ಲಿ ಕಪ್ಪಾಗಿ ಬರುತ್ತದೆ. ಕುಂಕುಮ, ತುಟಿ, ಸೆರಗು, ಎಲ್ಲಾ ಕಪ್ಪು. ನಮ್ಮ ಮೈಬಣ್ಣದಲ್ಲೂ ಕೆಂಪು ಜಾಸ್ತಿ ಅಲ್ವಾ, ಅದೂ ಇನ್ನಷ್ಟು ಕಪ್ಪಾಗುತ್ತಿತ್ತು. ಸ್ಟುಡಿಯೋದ ಮೂಲೆಯಲ್ಲಿ ಕನ್ನಡಿ, ಬಾಚಣಿಕೆ, ಪೌಡರ್ ಡಬ್ಬಿ ಇಡುತ್ತಿದ್ದದ್ದು ಸುಮ್ನೆ ಅಲ್ಲ. "ಮುಖಕ್ಕ ಬಡೀತಿದ್ರು, ಕುತ್ತಿಗಿ ಮರೀತಿದ್ರು" ಅಂದರು ಮಾಮಾ, ನಕ್ಕು. ಆಯಿಯ ಎರಡು ಬಣ್ಣದ ಕಥೆ ಇಷ್ಟೇ!

ನನಗೆ ತಲೆಯಲ್ಲಿ ದೀಪ ಹತ್ತಿದ್ದು ಅಲ್ಲೇ. ಹಳೇ ಅಲಂಕಾರ ಅಂದರೆ ಆ ಕಾಲದ ಫಿಲ್ಮಿಗೆ ಅಂತ ಮಾಡಿದ ಅಲಂಕಾರ. ಕೆಂಪನ್ನೂ ನೋಡಬಲ್ಲ ಪ್ಯಾಂಕ್ರೊಮ್ಯಾಟಿಕ್ ಫಿಲ್ಮು ಹಾಲಿವುಡ್‌ನಲ್ಲಿ ಬಳಕೆಗೆ ಬಂದಾಗ ಅಲ್ಲಿನ ಮೇಕಪ್ ತಯಾರಕ ಮ್ಯಾಕ್ಸ್ ಫ್ಯಾಕ್ಟರ್ ಅದಕ್ಕೆಂದೇ 1928ರಲ್ಲಿ ಬೇರೆ ಮೇಕಪ್ ತಂದರು. 1930ರ ದಶಕದಲ್ಲಿ ಜಾರ್ಜ್ ಹರೆಲ್ ತೆಗೆದ ನಟಿಯರ ಫೋಟೋ ನೋಡಿ, ಅಲ್ಲಿ ಅರ್ಧ ಕೆಲಸ ಮೇಲಿಂದ ಬಿದ್ದ ಬೆಳಕಿನದು, ಇನ್ನರ್ಧ ನೆಗೆಟಿವ್ ಮೇಲೆ ಪೆನ್ಸಿಲ್‌ನಿಂದ ತಿದ್ದಿದ್ದು. ನಾವು ಬೆಳಕು ಬಿಟ್ಟು ಗ್ರಾಮಫೋನ್ ಹಿಡಿದಿದ್ದೇವೆ. ನಮ್ಮ ಸ್ಟುಡಿಯೋದ ಹುಡುಗ ಮಾಡಿದ್ದೂ ಅದೇ. ಮುಖ ನುಣುಪಾಗಿ, ಬೆಳ್ಳಗೆ ಕಾಣಲಿ ಅಂತ ಎಡಿಟ್ ಮಾಡುವಾಗ ಕೆಂಪು, ಕಿತ್ತಳೆ ಎಷ್ಟು ಬೆಳ್ಳಗೆ ಕಾಣಬೇಕು ಅಂತ ಹೊಂದಿಸೋ ಸ್ಲೈಡರ್ ಎತ್ತಿಬಿಟ್ಟ, ಕುಂಕುಮವೂ ಅದರ ಜೊತೆ ಹೋಯ್ತು.

ಇನ್ನೊಂದು ಸಿಟ್ಟು. ರೆಟ್ರೊ ಅಂದರೆ ಯಾವಾಗಲೂ ಬಾಂಬೆ ಹೀರೋಯಿನ್ನೇ ಯಾಕೆ? ಎತ್ತರದ ಕೂದಲೇ ಬೇಕಿದ್ದರೆ ನಮ್ಮ ಮಿನುಗುತಾರೆ ಕಲ್ಪನಾ ಇಲ್ವಾ? ಅದೂ ಬೇಡ, ನಮ್ಮದು ನಿಜಾಮರ ಸೀಮೆ. ನಿಜಾಮರ ಫೋಟೋಗ್ರಾಫರ್ ರಾಜಾ ದೀನ್ ದಯಾಳ್ 1892ರಲ್ಲೇ ಹೈದರಾಬಾದಿನಲ್ಲಿ ಪರದಾ ಪಾಲಿಸುವ ಹೆಂಗಸರಿಗೆ ಅಂತಲೇ ಬೇರೆ ಸ್ಟುಡಿಯೋ ತೆರೆದಿದ್ದರು, ಒಳಗೆ ಫೋಟೋ ತೆಗೆಯುತ್ತಿದ್ದವರೂ ಹೆಂಗಸೇ. ನಮ್ಮ ಆಯಂದಿರ ಟ್ರಂಕು ತೆಗೆದರೆ ಖಣದ ಕುಪ್ಪಸ, ನತ್ತು ಎಲ್ಲಾ ಸಿಗುತ್ತದೆ. ಬೀದರ್ ಕಡೆಯ ಮನೆಯಾದರೆ ಬಿದರಿಯ ಸುರಮಾದಾನಿಯೂ (ಕಣ್ಣಿಗೆ ಹಚ್ಚೋ ಸುರಮಾ ಇಡುವ ಡಬ್ಬಿ) ಸಿಕ್ಕೀತು. ಬಾಡಿಗೆ ಗ್ರಾಮಫೋನು ಯಾಕೆ?

ಹಾಗಂತ ಹಳೇದೆಲ್ಲಾ ಚಿನ್ನ ಅಂತಲೂ ಅಲ್ಲ. ಆಯಿ ಕಪ್ಪಗಿದ್ದಳು, ಲಕ್ಷಣವಾಗಿದ್ದಳು. ಆ ಫೋಟೋದ ಬಿಳಿ ಮುಖ ಪೌಡರಿನದು. ಅವಳ ನಿಜವಾದ ಬಣ್ಣದ ಒಂದು ಫೋಟೋವೂ ನಮ್ಮಲ್ಲಿಲ್ಲ ಅನ್ನೋದು ನನಗೆ ಈಗಲೂ ಚುಚ್ಚುತ್ತದೆ. ಬಿಳಿ ಮಾಡುವ ಆ ಚಟ ಮಾತ್ರ ಅಲ್ಲೇ ಇರಲಿ.

ಕೊನೆಗೆ ಮನೆಯಲ್ಲೇ ಇನ್ನೊಮ್ಮೆ ತೆಗೆದೆವು. ಉತ್ತರದ ಕಿಟಕಿ, ಎದುರಿಗೆ ಬೆಳಕು ವಾಪಸ್ ಬೀಳಲಿ ಅಂತ ಬಿಳಿ ಚಾದರ, ಕೆಳಗೆ ಶಹಾಬಾದ್ ಪರಸಿ. ಆಯಿಯ ಇಳಕಲ್ ಸೀರೆ, ಎಣ್ಣೆ ಹಚ್ಚಿ ಬಾಚಿದ ತುರುಬು, ಮೇಣದ ಮೇಲೆ ಕುಂಕುಮ, ಅಷ್ಟೇ. ಫೋಟೋ ತಿದ್ದುವ ಲೈಟ್‌ರೂಮ್ ಸಾಫ್ಟ್‌ವೇರ್‌ನಲ್ಲಿ ಕಪ್ಪು ಬಿಳುಪು ಮಾಡಿ ಕೆಂಪಿನ ಸ್ಲೈಡರ್ ಎಡಕ್ಕೆ ಎಳೆದೆ. ನಿಧಾನಕ್ಕೆ ಕುಂಕುಮ ಮೇಲೆದ್ದು ಬಂತು, ತುಟಿ ಬಂತು, ಸೆರಗು ಕಪ್ಪಾಯಿತು. ಕಾಕು ನೋಡಿ, "ಈಗ ನೋಡು, ಹಣಿ ತುಂಬ್ಯಾದ" ಅಂದರು.

ಆದರೆ ಕೆಂಪು ಕಪ್ಪಾದರೆ ಮೊಡವೆಯೂ ಕಪ್ಪಾಗುತ್ತದಲ್ಲ. ಗಲ್ಲದ ಮೇಲೆ ಮೂರು ಎದ್ದು ಕಂಡವು. "ಅಕ್ಕಾ, ಅವಿಷ್ಟು ತೆಗಿ" ಅಂತ ಹುಡುಗಿ ಬೆನ್ನು ಬಿದ್ದಳು. ಇಷ್ಟುದ್ದ ಭಾಷಣ ಮಾಡಿದ ನಾನು ಎರಡು ತೆಗೆದೆ. ಒಂದು ಹಾಗೇ ಬಿಟ್ಟಿದ್ದೇನೆ, ಅವಳಿನ್ನೂ ನೋಡಿಲ್ಲ.